ಮೊದಲು ಬೆಳಕು, ಆಮೇಲೆ ಗಾಜಿನ ಚೆಂಡು

ಕ್ರಿಸ್‌ಮಸ್ ಮರ ಸಿಂಗರಿಸಲು ಕೂತಾಗ ನಾನು ಮೊದಲು ಕೈಗೆತ್ತಿಕೊಳ್ಳುವುದು ಸೀರಿಯಲ್ ಲೈಟು. ಮಂಗಳೂರಿನ ನಮ್ಮ ಮನೆಯಲ್ಲಿ ಮರವೆಂದರೆ ಗಾಳಿಮರದ ಒಂದು ದೊಡ್ಡ ಕೊಂಬೆ. ಒದ್ದೆ ಮರಳು ತುಂಬಿದ ಬಕೆಟ್ಟಿನಲ್ಲಿ ಅದನ್ನು ನೆಟ್ಟು, ಬಕೆಟ್ಟಿಗೆ ಗೋಣಿ ಸುತ್ತುತ್ತೇನೆ. ಹಳದಿ ಬೆಳಕಿನ ಸರವನ್ನು ಬುಡದಿಂದ ಮೇಲಕ್ಕೆ, ನಡುಗಾಂಡಕ್ಕೆ ತಾಗಿಸಿಯೇ ಸುತ್ತಬೇಕು. ಬೆಳಕು ಒಳಗಿಂದ ಬರಬೇಕು, ಗಾಜಿನ ಚೆಂಡುಗಳು ಅದರ ಮುಂದೆ ತೂಗಬೇಕು.

ಆ ಚೆಂಡುಗಳು ಮಿನುಗುವುದೇ ಬೆಳಕಿನಿಂದ. 1605ರ ಸುಮಾರಿಗೆ ಸ್ಟ್ರಾಸ್‌ಬರ್ಗ್‌ನ ಮನೆಗಳಲ್ಲಿ ಮರಕ್ಕೆ ಕಟ್ಟುತ್ತಿದ್ದುದು ಸೇಬು, ಬಣ್ಣದ ಕಾಗದದ ಗುಲಾಬಿ, ಸಕ್ಕರೆ ಮಿಠಾಯಿ. ಗಾಜು ಬಂದದ್ದು 19ನೇ ಶತಮಾನದಲ್ಲಿ, ಜರ್ಮನಿಯ ಲೌಷಾ ಎಂಬ ಗುಡ್ಡಗಾಡಿನ ಊರಿನಿಂದ. ಅಲ್ಲಿನವರು ಗಾಜಿನ ನಳಿಗೆಯನ್ನು ಉರಿಗೆ ಹಿಡಿದು, ತೆಳ್ಳಗೆ ಊದಿ, ಒಳಗೆ ಬೆಳ್ಳಿಯ ದ್ರಾವಣ ಹಾಕಿ ಕುಲುಕುತ್ತಿದ್ದರು. ಹೊರಗಡೆ ಬಣ್ಣ, ಒಳಗಡೆ ಕನ್ನಡಿ. ಆಗ ಮರದ ಮೇಲೆ ಉರಿಯುತ್ತಿದ್ದುದು ಮೇಣದಬತ್ತಿ. ಒಂದು ಜ್ವಾಲೆ ಹತ್ತು ಚೆಂಡುಗಳಲ್ಲಿ ಮಿನುಗುತ್ತಿತ್ತು. 1882ರಲ್ಲಿ ಎಡಿಸನ್‌ನ ಜೊತೆಗಾರ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತನ್ನ ಮನೆಯ ಮರಕ್ಕೆ 80 ವಿದ್ಯುತ್ ದೀಪ ಹಾಕಿದ. ಬತ್ತಿ ಹೋಗಿ ಬಲ್ಬು ಬಂತು, ಚೆಂಡಿನ ಕೆಲಸ ಮಾತ್ರ ಅದೇ.

ಗಾಳಿಮರದ ಎಲೆ ಜೋತುಬೀಳುವ ಜಾತಿ, ಭಾರ ತಡೆಯುವುದಿಲ್ಲ. ದೊಡ್ಡ ಚೆಂಡುಗಳನ್ನು ಟೊಂಗೆ ಗಟ್ಟಿಯಿರುವ ಒಳಭಾಗದಲ್ಲಿ, ಬಲ್ಬಿನ ಹತ್ತಿರವೇ, ತೆಳು ತಂತಿಯಿಂದ ಕಟ್ಟುತ್ತೇನೆ. ತುದಿಗಳಿಗೆ ಕಾಗದದ ನಕ್ಷತ್ರ, ಒಣಗಿಸಿದ ಕಿತ್ತಳೆ ಬಿಲ್ಲೆ ಸಾಕು. ಮಕ್ಕಳ ಕೈಗೆ ಎಟಕುವಲ್ಲಿ ಗಾಜು ಬೇಡವೇ ಬೇಡ. ಉಳಿದ ಚೆಂಡುಗಳನ್ನು ಅಗಲವಾದ ಹಿತ್ತಾಳೆ ಉರುಳಿ ಪಾತ್ರೆಗೆ ತುಂಬಿ, ನಡುವೆ ಬ್ಯಾಟರಿಯ ಸಣ್ಣ ಲೈಟು ಹುದುಗಿಸಿ ಜಗಲಿಯಲ್ಲಿಡುತ್ತೇನೆ. ಬಂದವರು ಮರಕ್ಕಿಂತ ಮೊದಲು ಅದನ್ನೇ ನೋಡುತ್ತಾರೆ.

ಆದರೆ ನಮ್ಮ ಕಡೆ ಹಬ್ಬದ ಜೀವ ಇರುವುದು ಗೋದಲಿಯಲ್ಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿಯಲ್ಲಿ. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಸಂತ ಫ್ರಾನ್ಸಿಸ್ ಅಸ್ಸಿಸಿ ನಿಜವಾದ ಎತ್ತು, ಕತ್ತೆ, ಹುಲ್ಲು ತಂದು ಯೇಸು ಹುಟ್ಟಿದ ಬೆತ್ಲೆಹೇಮನ್ನು ಜನರ ಕಣ್ಣೆದುರು ನಿಲ್ಲಿಸಿದರು. ಹಾಗಾಗಿ ನನ್ನ ಗೋದಲಿಗೆ ಪ್ಲಾಸ್ಟಿಕ್ ಹುಲ್ಲು ಸೇರಿಸುವುದಿಲ್ಲ. ಡಿಸೆಂಬರ್ ನಡುವಿಗೆ ರಾಗಿ ನೆನೆಹಾಕಿ, ಮರುದಿನ ಒದ್ದೆ ಗೋಣಿಯ ಮೇಲೆ ಒತ್ತಾಗಿ ಹರಡಿ, ಮೊಳಕೆ ಬರುವವರೆಗೆ ಬಟ್ಟೆ ಮುಚ್ಚುತ್ತೇನೆ. ಆಮೇಲೆ ದಿನವೂ ನೀರು ಚಿಮುಕಿಸಬೇಕು, ಸುರಿದರೆ ಕೊಳೆಯುತ್ತದೆ. ಹಬ್ಬಕ್ಕೆ ಬೆರಳುದ್ದ ಹಸಿರು ಎದ್ದಿರುತ್ತದೆ. ಕೊಟ್ಟಿಗೆಗೆ ಬೈಹುಲ್ಲಿನ ಮಾಡು, ಅದರ ಹಿಂದೆ ಒಂದೇ ಒಂದು ಬಲ್ಬು. ಇಲ್ಲಿ ಗಾಜಿನ ಚೆಂಡು ಒಂದೂ ಇಡುವುದಿಲ್ಲ; ಬಡವರ ಕೊಟ್ಟಿಗೆಗೆ ಆ ಹೊಳಪು ಒಗ್ಗುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. 24ರ ರಾತ್ರಿ ಪೂಜೆ ಮುಗಿಸಿ ಬಂದ ಮೇಲೆ ಬಾಲಯೇಸುವನ್ನು ಮಲಗಿಸುತ್ತೇವೆ. ದೂರದ ಕಪಾಟಿನ ಮೇಲಿರುವ ಮೂವರು ರಾಯರ (ಬಾಲಯೇಸುವನ್ನು ನೋಡಲು ಬಂದವರು) ಬೊಂಬೆಗಳನ್ನು ಮಕ್ಕಳು ದಿನಕ್ಕಿಷ್ಟು ಮುಂದೆ ಸರಿಸುತ್ತಾ ಜನವರಿ 6ಕ್ಕೆ ಗೋದಲಿ ಮುಟ್ಟಿಸುತ್ತಾರೆ.

ಅಲ್ಲಿಗೆ ಎಲ್ಲ ಇಳಿಸುವ ಕೆಲಸ. ಕರಾವಳಿಯ ತೇವಕ್ಕೆ ಚೆಂಡಿನೊಳಗಿನ ಬೆಳ್ಳಿ ಕಪ್ಪು ಚುಕ್ಕೆ ಕಟ್ಟುತ್ತದೆ. ಒಣಬಟ್ಟೆಯಲ್ಲಿ ಮೆಲ್ಲಗೆ ಒರೆಸಿ (ನೀರು ತಾಗಿದರೆ ಹಳೆಯವುಗಳ ಬಣ್ಣ ಬಿಡುತ್ತದೆ), ಮೊಟ್ಟೆ ಟ್ರೇಯಲ್ಲಿ ಜೋಡಿಸಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಡಬ್ಬಿ ಬಿಗಿಯಾಗಿ ಮುಚ್ಚಿ ಅಟ್ಟಕ್ಕಲ್ಲ, ಕೋಣೆಯ ಕಪಾಟಿನಲ್ಲಿಡಿ.