ಮುನ್ನೂರು ಗ್ರಾಂ ಕೊಬ್ಬಿನಲ್ಲಿ ಬಾತುಕೋಳಿ ಕಾನ್ಫಿ, ಜೊತೆಗೆ ಕೆಂಪು ಕೋಸು

ಕಾನ್ಫಿ ಎಂದರೆ ಉಪ್ಪು ಹಚ್ಚಿದ ಮಾಂಸವನ್ನು ಕೊಬ್ಬಿನಲ್ಲಿ ನಿಧಾನವಾಗಿ ಬೇಯಿಸುವ ಫ್ರೆಂಚ್ ಅಡುಗೆ. ಒಂದೂವರೆ ಕಿಲೋ ಕೊಬ್ಬಿಲ್ಲದೆ ಅದು ಆಗದು ಎಂದು ಇಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ಅಡುಗೆ ಬಲ್ಲವರೆಲ್ಲ ತಲೆಯಾಡಿಸಿದ್ದರು. ನಾಲ್ಕು ಕಾಲಿಗೆ ಮುನ್ನೂರು ಗ್ರಾಂ ಸಾಕು. ಈಗ ಅವರೇ ಪಾತ್ರೆಯ ಅಳತೆ ಕೇಳುತ್ತಿದ್ದಾರೆ.

ಎಲ್ಲ ಇರುವುದು ಆ ಪಾತ್ರೆಯಲ್ಲೇ. ಕಾಲುಗಳು ಒಂದಕ್ಕೊಂದು ಒತ್ತಿಕೊಂಡು ಕೂರಬೇಕು, ಸಂದು ಉಳಿದಷ್ಟೂ ಕೊಬ್ಬು ಸುರಿಯಬೇಕಾಗುತ್ತದೆ. ಕೊಳ್ಳುವುದು ಮ್ಯುಲಾರ್ ಎಂಬ ಮಿಶ್ರತಳಿ ಬಾತುಕೋಳಿಯ ಕಾಲು, ಒಂದೊಂದು 350 ಗ್ರಾಂ ಆಸುಪಾಸು. ಫುವಾಗ್ರಾಗೆಂದು, ಅಂದರೆ ಕೊಬ್ಬಿದ ಯಕೃತ್ತಿಗೆಂದು, ಮೇಯಿಸಿದ ಹಕ್ಕಿ, ಚರ್ಮದಡಿ ದಪ್ಪ ಕೊಬ್ಬು. ಮೊದಲು ಮುಕ್ಕಾಲು ಮುಳುಗಿದ್ದರೂ ಆ ಕೊಬ್ಬು ಕರಗಿ ಮಟ್ಟ ತಾನೇ ಏರುತ್ತದೆ. ನಮ್ಮೂರ ಬಾತುಕೋಳಿಗೆ ಈ ಲೆಕ್ಕ ನಡೆಯದು, ಅದರಲ್ಲಿ ಕೊಬ್ಬು ಸಾಲದು.

ಹೆಚ್ಚಿನವರು ಎಡವುವುದು ಉಪ್ಪಿನಲ್ಲಿ. ಹಿಡಿಯಲ್ಲಿ ಎರಚಿ ರಾತ್ರಿಯಿಡೀ ಬಿಟ್ಟರೆ ಸಣ್ಣ ಕಾಲು ಬಾಯಿಗಿಡಲಾಗದಷ್ಟು ಉಪ್ಪಾಗುತ್ತದೆ, ದೊಡ್ಡದು ಮೂಳೆಯ ಹತ್ತಿರ ಸಪ್ಪೆ. ತೂಕದ ಶೇಕಡಾ 2 ಉಪ್ಪು, ಅಂದರೆ 1.4 ಕಿಲೋಗೆ 28 ಗ್ರಾಂ, ಜೊತೆಗೆ ಥೈಮ್ ಸೊಪ್ಪು, ಮೆಣಸು. ಇನ್ನೊಂದು ಪುಡಿಯೂ ಬೀಳುತ್ತದೆ, ಅದು ನನ್ನಲ್ಲೇ ಇರಲಿ. ಒಂದೂವರೆ ದಿನ ಫ್ರಿಜ್‌ನಲ್ಲಿಟ್ಟು ತೊಳೆಯದೆ ಒರೆಸಿದರೆ ಆಯಿತು.

ಓವನ್ 110 ಡಿಗ್ರಿ, ಮೇಲೆ ಫಾಯಿಲ್, ನಾಲ್ಕರಿಂದ ಐದು ಗಂಟೆ. ಕೊಬ್ಬಿನಲ್ಲಿ ಆಗೊಂದು ಈಗೊಂದು ಗುಳ್ಳೆ ಏಳಬೇಕು. ಕುದಿಯತೊಡಗಿದರೆ ಮಾಂಸ ನೀರು ಬಿಟ್ಟು ನಾರುನಾರಾಗುತ್ತದೆ. ಕಾಲಿನ ತುದಿಯ ಚರ್ಮ ಮೇಲಕ್ಕೆ ಸರಿದು ಮೂಳೆ ಕಂಡಿತೆಂದರೆ ಹದ ಹತ್ತಿರ. ತಳದಲ್ಲಿ ನಿಲ್ಲುವ ಕಂದು ರಸವನ್ನು ಬೇರೆ ತೆಗೆಯಲೇಬೇಕು, ಮೊದಲು ಹಳಸುವುದು ಅದೇ. ಕಾಲನ್ನು ಕೊಬ್ಬಿನಲ್ಲಿ ಮುಚ್ಚಿ ಫ್ರಿಜ್‌ನಲ್ಲೇ ಇಡಬೇಕು. ಗಾಳಿಯಾಡದ ಕೊಬ್ಬಿನಡಿ ಬಾಟುಲಿಸಂ ಎಂಬ ಮಾರಕ ಆಹಾರವಿಷದ ಭಯವಿದೆ, ಹೊರಗಿಡುವ ಹಳೇ ಪದ್ಧತಿ ಬೇಡ.

ಕೋಸಿಗೆ ಉಪ್ಪಿನ ಬದಲು ಆ ಕಂದು ರಸ. ಒಂದು ಕಿಲೋದೊಳಗಿನ ಕೆಂಪು ಕೋಸು, ಒಂದು ಈರುಳ್ಳಿ, ಎರಡು ಹುಳಿ ಸೇಬು, ಎರಡು ಚಮಚ ಬಾತುಕೋಳಿ ಕೊಬ್ಬು, ಒಂದು ಲೋಟ ಕೆಂಪು ವೈನ್, ಎರಡು ಲವಂಗ. ವಿನಿಗರ್ ಅರ್ಧ ಮೊದಲಿಗೆ, ಅರ್ಧ ಕೊನೆಗೆ. ಮೊದಲು ಹಾಕದಿದ್ದರೆ ಬಣ್ಣ ನೀಲಿಗೆ ತಿರುಗುತ್ತದೆ. ಎಲ್ಲ ಒಮ್ಮೆಗೇ ಸುರಿದರೆ ಹುಳಿಗೆ ಕೋಸು ಬೇಗ ಮೆತ್ತಗಾಗದು. ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ. ಬೆಂದ ಚೆಸ್ಟ್‌ನಟ್ ಒಂದು ಹಿಡಿ, ಇಳಿಸುವ ಕಾಲು ಗಂಟೆ ಮುಂಚೆ.

ಕೊಬ್ಬಿನ ಬದಲು ಬೇರೆಯದನ್ನೂ ನೋಡಿದ್ದಾಯಿತು. ಕಡಲೆಕಾಯಿ ಎಣ್ಣೆಯಲ್ಲಿ ಮಾಂಸ ಅಷ್ಟೇ ಮೆತ್ತಗೆ, ಆದರೆ ಫ್ರಿಜ್‌ನಲ್ಲಿ ಗಟ್ಟಿ ಹೆಪ್ಪುಗಟ್ಟದು. ತುಪ್ಪ ಹೆಪ್ಪುಗಟ್ಟುತ್ತದೆ, ಬಾತುಕೋಳಿಯ ಪರಿಮಳವನ್ನೇ ನುಂಗಿಬಿಡುತ್ತದೆ. ಕುಕ್ಕರ್‌ನಲ್ಲಿ ಮುಕ್ಕಾಲು ಗಂಟೆಗೆ ಬೇಯುತ್ತದೆ, ನಿಜ. ಆದರೆ ಚರ್ಮ ಜೋಲುಬೀಳುತ್ತದೆ, ಕೊಬ್ಬೆಲ್ಲ ಕದಡುತ್ತದೆ.

ಬಡಿಸುವ ಮುನ್ನ ಕೊಬ್ಬು ಕರಗುವಷ್ಟು ಬೆಚ್ಚಗೆ ಮಾಡಿಯೇ ಕಾಲು ಎತ್ತಬೇಕು, ತಣ್ಣಗಿದ್ದಾಗ ಎಳೆದರೆ ಕೀಲಲ್ಲಿ ಮುರಿಯುತ್ತದೆ. ಚರ್ಮ ಒರೆಸಿ, ತಣ್ಣನೆ ಬಾಣಲೆಯಲ್ಲಿ ಚರ್ಮ ಕೆಳಗಾಗಿ ಇಟ್ಟು, ನಂತರ ಉರಿ. ಹತ್ತು ನಿಮಿಷ ಮುಟ್ಟಬಾರದು.

ಖರ್ಚು: ನಾಲ್ಕು ಕಾಲಿಗೆ ಒಟ್ಟು 12-13 ಯೂರೋ, ಕೊಬ್ಬಿನ ಡಬ್ಬಿಗೆ ನಾಲ್ಕು, ಕೋಸು-ಸೇಬು-ವೈನ್ ಸೇರಿ ಇನ್ನೊಂದು ಏಳೆಂಟು. ಮೊದಲ ಸಲ ಅಂಗಡಿಯ ಟಿನ್ ಕಾನ್ಫಿಗಿಂತ ಅಗ್ಗವೇನಲ್ಲ. ಎರಡನೇ ಸಲದಿಂದ ಕೊಬ್ಬು ಪುಕ್ಕಟೆ, ಅದೂ ಪ್ರತಿಸಲ ಬೆಳೆಯುತ್ತದೆ. ಚಳಿಗಾಲದ ಸೋಮವಾರ ಟುಲೂಸ್ ಬಳಿಯ ಸಮಾತಾಂ ಊರಿನ ಸಂತೆಯಲ್ಲಿ ಇಡೀ ಹಕ್ಕಿ ಕೊಂಡರಂತೂ ಡಬ್ಬಿಯೇ ಬೇಡ: ಚರ್ಮ ಹೆಚ್ಚಿ, ಅರ್ಧ ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿದರಾಯಿತು. ಮೂರ್ನಾಲ್ಕು ಸಲದ ಮೇಲೆ ಕೊಬ್ಬು ನಾಲಗೆಗೆ ಉಪ್ಪೆನಿಸುತ್ತದೆ, ಆಗ ಅದು ಆಲೂಗಡ್ಡೆ ಹುರಿಯಲಿಕ್ಕೆ.