ಅಂಟಿದ ಹೀಟ್‌ಸಿಂಕ್‌ಗೆ ಗಾಳದ ದಾರ

ಹುಬ್ಬಳ್ಳಿಯ ಸಗಟು ವ್ಯಾಪಾರಿಯೊಬ್ಬರು ಪ್ರೊಸೆಸರಿಗೆ ಅಂಟಿಕೂತ ಹೀಟ್‌ಸಿಂಕನ್ನು, ಅಂದರೆ ಅದರ ಬಿಸಿ ಹೀರುವ ಲೋಹದ ರೆಕ್ಕೆಗಳ ಗಟ್ಟಿಯನ್ನು, ಗಾಳದ ದಾರದಿಂದ ಬಿಡಿಸುವ ನನ್ನ ಉಪಾಯ ಕೇಳಿ, ಕಂಪ್ಯೂಟರಿನಲ್ಲಿ ಮೀನು ಹಿಡಿಯುತ್ತೀರಾ ಎಂದು ನಕ್ಕಿದ್ದರು. ಆಮೇಲೆ ಮೂವತ್ತರ ಆಸುಪಾಸು ಹೀಟ್‌ಸಿಂಕ್‌ಗಳನ್ನು ಬಿಡಿಸಿದ್ದೇನೆ. ಪ್ರೊಸೆಸರಿನ ಪಿನ್ ಓರೆಯಾದದ್ದು ಒಂದು ಸಲ ಮಾತ್ರ, ಅದೂ ನನ್ನ ಅವಸರದಿಂದ. ಈಗ ಅವರ ಹುಡುಗರೇ ಫೋನ್ ಮಾಡಿ ಯಾವ ದಾರ ಎಂದು ಕೇಳುತ್ತಾರೆ.

ಬಾಗಲಕೋಟೆಯ ನವನಗರದಲ್ಲಿ ನನ್ನ ದುರಸ್ತಿ ಅಂಗಡಿ ಇದೆ. ರಬಕವಿ-ಬನಹಟ್ಟಿ ಕಡೆಯ ಮಗ್ಗದ ಮಾಲೀಕರ ಕಂಪ್ಯೂಟರ್‌ಗಳೂ ಇಲ್ಲಿಗೆ ಬರುತ್ತವೆ. ಫ್ಯಾನ್ ಬಿಚ್ಚಿದರೆ ಹೀಟ್‌ಸಿಂಕಿನ ರೆಕ್ಕೆಗಳೇ ಕಾಣುವುದಿಲ್ಲ. ನೂಲಿನ ಧೂಳು ಕಂಬಳಿಯಂತೆ ಕೂತಿರುತ್ತದೆ; ಚಿಮುಟದಿಂದ ಒಂದು ಮೂಲೆ ಹಿಡಿದೆಳೆದರೆ ಇಡೀ ಹಾಳೆಯಾಗಿ ಎದ್ದು ಬರುತ್ತದೆ. ಹೀಟ್‌ಸಿಂಕಿಗೂ ಪ್ರೊಸೆಸರಿಗೂ ನಡುವೆ ಬಿಸಿ ದಾಟಿಸಲು ಹಚ್ಚಿದ ಥರ್ಮಲ್ ಪೇಸ್ಟ್ ವರ್ಷಗಟ್ಟಲೆ ಬೆಂದು ಅರಗಿನಂತೆ ಗಟ್ಟಿಯಾಗಿರುತ್ತದೆ. ಈಗಿನ ಇಂಟೆಲ್ ಆದರೆ ಭಯವಿಲ್ಲ, ಲೋಹದ ಚೌಕಟ್ಟು ಪ್ರೊಸೆಸರನ್ನು ಹಿಡಿದುಕೊಂಡಿರುತ್ತದೆ. ಗೋಳೆಲ್ಲ ಎಎಂಡಿ ಕಂಪನಿಯ ಎಎಂ4 ಸಾಕೆಟ್ಟಿನದು, ಅಂದರೆ ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಜಾಗದ್ದು. 1331 ಪಿನ್ನುಗಳೂ ಪ್ರೊಸೆಸರಿನ ಅಡಿಗೇ ಇವೆ. ಪಿನ್ನುಗಳ ಹಿಡಿತ ಬಿಡಿಸುವ ಲಿವರ್ ಎತ್ತೋಣವೆಂದರೆ ಹೀಟ್‌ಸಿಂಕ್ ಅದಕ್ಕೆ ಅಡ್ಡ ಕೂತಿರುತ್ತದೆ.

2021ರಲ್ಲಿ ಅದೇ ಸಾಕೆಟ್ಟಿನ ರೈಜೆನ್ 3 2200ಜಿ ಪ್ರೊಸೆಸರಿನ ಒಂದು ಯಂತ್ರ ಬಂತು. ನಾಲ್ಕು ಸ್ಕ್ರೂ ಬಿಚ್ಚಿ ನೇರವಾಗಿ ಮೇಲಕ್ಕೆಳೆದೆ. ಟಪ್ ಎಂದು ಬಂತು, ಗೆದ್ದೆ ಅಂದುಕೊಂಡೆ. ತಿರುಗಿಸಿ ನೋಡಿದರೆ ಪ್ರೊಸೆಸರ್ ಕೂಡ ಅಂಟಿಕೊಂಡೇ ಬಂದಿತ್ತು, ಒಂದು ಅಂಚಿನ ಇಪ್ಪತ್ತು ಪಿನ್ನುಗಳು ಗಾಳಿಮಳೆಗೆ ಮಲಗಿದ ಜೋಳದಂತೆ ಒರಗಿದ್ದವು. ಕಡ್ಡಿ ತೆಗೆದ ಪೆನ್ ಪೆನ್ಸಿಲ್‌ನ ತುದಿಯನ್ನು ಒಂದೊಂದಕ್ಕೇ ತೊಡಿಸಿ ಎರಡು ಗಂಟೆ ನೆಟ್ಟಗೆ ಮಾಡಿದೆ. ಕೊನೆಯದರ ಹಿಂದಿನದು ಮುರಿಯಿತು. ಯಂತ್ರ ಚಾಲೂ ಆಯಿತು, ಆದರೆ ಒಂದು ಕಡೆಯ ರ‍್ಯಾಮ್ ಕಾಣಲೇ ಇಲ್ಲ. ಐದೂವರೆ ಸಾವಿರ ಕೊಟ್ಟು ಹಳೆಯ ಪ್ರೊಸೆಸರ್ ತರಿಸಿ ಹಾಕಿಕೊಟ್ಟೆ. ಆಗ ನನ್ನ ಮಜೂರಿ ಮುನ್ನೂರು. ಹದಿನೆಂಟು ಯಂತ್ರಗಳ ದುಡಿಮೆ ಹೋಯಿತೆಂದು ಹೆಂಡತಿಯೇ ಲೆಕ್ಕ ಹಾಕಿ ಹೇಳಿದಳು.

ಅಂದಿನಿಂದ ಬಿಸಿ ಮಾಡದೆ ಸ್ಕ್ರೂಗೆ ಕೈ ಹಚ್ಚುವುದಿಲ್ಲ. ಚಾಲೂ ಇರುವ ಯಂತ್ರವಾದರೆ ಹದಿನೈದು ನಿಮಿಷ ಪ್ರೊಸೆಸರಿಗೆ ಪೂರ್ತಿ ಕೆಲಸದ ಹೊರೆ ಹಾಕುತ್ತೇನೆ, ಎಪ್ಪತ್ತು ಡಿಗ್ರಿ ದಾಟಲಿ. ಆಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಆರುವ ಮೊದಲೇ ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಸಡಿಲಿಸುತ್ತೇನೆ. ಬೋರ್ಡಿನ ಹಿಂದಿನ ತಗಡು ಕಳಚಿ ಬೀಳುತ್ತದೆ, ಅದಕ್ಕೊಂದು ಕೈ ಇರಲಿ. ನಂತರ ಎತ್ತುವ ಮಾತೇ ಇಲ್ಲ, ತಿರುವುವುದಷ್ಟೇ. ಬೀಸುಕಲ್ಲನ್ನು ಚೂರು ಮುಂದಕ್ಕೆ, ಚೂರು ಹಿಂದಕ್ಕೆ ಆಡಿಸಿದ ಹಾಗೆ. ಪೇಸ್ಟ್ ಬಿಟ್ಟಿತೆಂದು ಕೈಗೇ ತಿಳಿಯುತ್ತದೆ. ಜಾರತೊಡಗಿದ ಮೇಲೆ ಒಂದು ಅಂಚಿನಿಂದ ಎತ್ತಿದರಾಯಿತು.

ಸತ್ತ ಯಂತ್ರಕ್ಕೆ ಹೇರ್ ಡ್ರೈಯರ್ ಹಿಡಿಯುತ್ತೇನೆ. ಮೊದಲು ಹಾಟ್ ಏರ್ ಗನ್ ಹಿಡಿದು ಫ್ಯಾನಿನ ಎಸಳು ಕರಗಿಸಿದ್ದೆ, ಅದಕ್ಕೆ ಇನ್ನೂರೈವತ್ತು ದಂಡ.

ಒಬ್ಬರು ಬಿಸಿಯಲ್ಲ, ತಂಪು ಬೇಕು ಎಂದು ವಾದಿಸಿದರು. ಕೆಟ್ಟುಹೋದ ಒಂದು ಅಥ್ಲಾನ್ ಪ್ರೊಸೆಸರನ್ನು ಹೀಟ್‌ಸಿಂಕ್ ಸಮೇತ ರಾತ್ರಿಯಿಡೀ ಫ್ರೀಜರಿನಲ್ಲಿಟ್ಟೆ. ಬೆಳಿಗ್ಗೆ ಸ್ಕ್ರೂಡ್ರೈವರಿನ ಹಿಡಿಕೆಯಿಂದ ತಟ್ಟಿದ್ದೇ ತಡ, ಬಿಟ್ಟಿತು. ಆದರೆ ಐದು ನಿಮಿಷದಲ್ಲಿ ಪಿನ್ನುಗಳ ನಡುವೆಯೆಲ್ಲ ನೀರಿನ ಹನಿ. ಗಿರಾಕಿಯ ಜೀವಂತ ಪ್ರೊಸೆಸರಿಗೆ ಇದನ್ನು ಮಾಡುವ ಧೈರ್ಯ ನನಗಿಲ್ಲ.

ಎರಡೂ ಬದಿಗೆ ಪ್ಲಾಸ್ಟಿಕ್ ಕೊಕ್ಕೆಯ ಹಿಡಿಗಳಿದ್ದರೆ ತಿರುವಲು ಜಾಗವಿರುವುದಿಲ್ಲ. ದಾರ ಬೇಕಾಗುವುದು ಅಲ್ಲಿ. ಮೊದಲು ಇಳಕಲ್ ಸೀರೆ ನೇಯುವ ಪರಿಚಿತರಿಂದ ರೇಷ್ಮೆ ಎಳೆ ತಂದೆ. ಲೋಹದ ಅಂಚಿಗೆ ತಾಗಿ ಮೂರು ಸಲ ಹರಿಯಿತು. ಆಮೇಲೆ ಆಲಮಟ್ಟಿ ಹಿನ್ನೀರಿನ ಮೀನುಗಾರರು ಕೊಳ್ಳುವ ಅಂಗಡಿಯಿಂದ ಅತಿ ತೆಳುವಾದ ನೈಲಾನ್ ಗಾಳದ ದಾರ ತಂದೆ. ಒಂದು ಉರುಳೆಗೆ ಅರವತ್ತೋ ಎಪ್ಪತ್ತೋ ರೂಪಾಯಿ, ಇನ್ನೂ ಮುಗಿದಿಲ್ಲ. ಯಂತ್ರ ಪೂರ್ತಿ ಆರಿದ ಮೇಲೆ ಸಿರಿಂಜಿನಿಂದ ಅಂಚಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ನಾಲ್ಕು ಹನಿ ಬಿಟ್ಟು ಹತ್ತು ನಿಮಿಷ ಕಾಯುತ್ತೇನೆ. ಬಿಸಿಯಲ್ಲಿ ಬಿಟ್ಟರೆ ಹೊತ್ತಿಕೊಂಡೀತು. ಮೂಲೆಯಿಂದ ಶುರು ಮಾಡಿ ಗರಗಸದಂತೆ ಎಳೆದಾಡಬೇಕು. ದಾರ ಪ್ರೊಸೆಸರಿನ ಲೋಹದ ಮುಚ್ಚಳದ ಮೇಲೆಯೇ ಸಾಗಬೇಕು, ಅದರಡಿಯ ಹಸಿರು ಹಲಗೆಯತ್ತ ಇಳಿಯಬಾರದು. ದಾರಕ್ಕೆ ಇನ್ನೊಂದು ಪದಾರ್ಥ ಸವರುತ್ತೇನೆ. ಅದು ಯಾವುದೆಂದು ಹೇಳಿದರೆ ನನ್ನ ಅಂಗಡಿಗೆ ಬರುವವರಾರು?

ಮೊನ್ನೆ ಬನಹಟ್ಟಿಯ ಸಾಹುಕಾರರೊಬ್ಬರು ಎದುರಿಗೇ ಕುರ್ಚಿ ಹಾಕಿ ಕುಳಿತು ನೋಡಿದರು. ಹನ್ನೆರಡು ನಿಮಿಷಕ್ಕೆ ದಾರ ಆಚೆ ಬಂತು. ಎಂಟುನೂರು ಎಂದೆ. ಹನ್ನೆರಡು ನಿಮಿಷಕ್ಕೆ ಎಂಟುನೂರೇ ಎಂದರು. ಮುರಿದ ಪಿನ್ನಿನ ಆ 2200ಜಿಯನ್ನು ಡಬ್ಬಿಯಿಂದ ತೆಗೆದು, ಭೂತಗನ್ನಡಿಯ ಜೊತೆ ಅವರ ಕೈಗಿಟ್ಟು, ಐದೂವರೆ ಸಾವಿರದ ಕತೆ ಹೇಳಿದೆ. ಬಹಳ ಹೊತ್ತು ನೋಡಿ, ಆರುನೂರು ಕೊಟ್ಟು ಹೋದರು.