ಜಿರೋ ಸಂಗೀತೋತ್ಸವಕ್ಕೆ ಮೊದಲ ಸಲ ಹೊರಡುವವರಿಗೆ: ಮಳೆಯ ನಡುವೆ ಟೆಂಟ್ ಹೂಡಿದ ನನ್ನ ಅನುಭವ

ಅರುಣಾಚಲ ಪ್ರದೇಶದ ಜಿರೋ ಕಣಿವೆಯಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್ ತಿಂಗಳ ಕೊನೆಯ ಹೊತ್ತಿಗೆ ನಾಲ್ಕು ದಿನಗಳ ಸಂಗೀತೋತ್ಸವ ನಡೆಯುತ್ತದೆ. ಬಾಬಿ ಹಾನೊ ಮತ್ತು ಅನೂಪ್ ಕುಟ್ಟಿ 2012ರಲ್ಲಿ ಆರಂಭಿಸಿದ ಈ ಉತ್ಸವಕ್ಕೆ ನಾನು ಬೆಂಗಳೂರಿನಿಂದ ಗೆಳತಿಯರ ಜೊತೆ ಹೋಗಿ, ಸ್ವಂತ ಟೆಂಟಿನಲ್ಲಿ ಉಳಿದು ಬಂದವಳು. ಅಂದಿನಿಂದ ಪರಿಚಯದವರು, ಅವರ ತಮ್ಮ ತಂಗಿಯರು, ಆಗಷ್ಟೇ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಹೊರಡುವ ಮುನ್ನ ಏನೇನು ಕಟ್ಟಿಕೊಳ್ಳಬೇಕೆಂದು ನನ್ನನ್ನು ಕೇಳುತ್ತಾರೆ. ಯಾವ ತಂಡ ಹಾಡುತ್ತದೆ, ಯಾವ ಬಟ್ಟೆ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ ಎಂಬುದನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ರಾತ್ರಿ ಒದ್ದೆಯಾಗದ ಜಾಗದಲ್ಲಿ ಬೆಚ್ಚಗೆ ಮಲಗುವುದು ಹೇಗೆ ಎಂಬುದರಿಂದ ಲೆಕ್ಕ ಶುರುಮಾಡಿ ಎಂದು ಅವರಿಗೆಲ್ಲ ಹೇಳುತ್ತೇನೆ. ಆ ಕಡೆ ಮುಂಗಾರು ಸೆಪ್ಟೆಂಬರ್ ಮುಗಿಯುವವರೆಗೂ ಬಿಟ್ಟಿರುವುದಿಲ್ಲ. ಕಣಿವೆ ಸಮುದ್ರ ಮಟ್ಟದಿಂದ 1,500 ಮೀಟರಿಗೂ ಎತ್ತರದಲ್ಲಿದೆ. ಹಗಲು ಬಿಸಿಲು ಕಾಯಿಸಿದ ಆಕಾಶವೇ ಸಂಜೆಗೆ ಧೋ ಎಂದು ಸುರಿದು, ರಾತ್ರಿ ಮೈ ನಡುಗುವಷ್ಟು ತಂಪಾಗುತ್ತದೆ.

ಕಟ್ಟಿಕೊಳ್ಳುವ ಮೊದಲ ವಸ್ತು ಕಾಗದ. 1873ರ ಬಂಗಾಳ ಪೂರ್ವ ಗಡಿ ನಿಯಮದಿಂದ ಬಂದ ಇನ್ನರ್ ಲೈನ್ ಪರ್ಮಿಟ್ ಇಲ್ಲದೆ ಹೊರ ರಾಜ್ಯದವರು ಅರುಣಾಚಲದೊಳಗೆ ಕಾಲಿಡುವಂತಿಲ್ಲ. ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಸಿಗುತ್ತದೆ. ಆದರೆ ಹೊರಡುವ ಹಿಂದಿನ ದಿನದವರೆಗೆ ಕಾಯಬಾರದು, ಅರ್ಜಿಯಲ್ಲಿ ಕೊಟ್ಟ ಗುರುತಿನ ಚೀಟಿಯನ್ನೇ ಜೊತೆಗೂ ಇಟ್ಟುಕೊಳ್ಳಬೇಕು. ಮೊಬೈಲಿನಲ್ಲಿ ಪ್ರತಿ ಇದ್ದರೂ ನಾನು ಎರಡು ಮುದ್ರಿತ ಪ್ರತಿಗಳನ್ನು ಜಿಪ್ ಇರುವ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ, ಒಂದನ್ನು ಸೊಂಟದ ಚೀಲದಲ್ಲಿ, ಇನ್ನೊಂದನ್ನು ದೊಡ್ಡ ಬ್ಯಾಗಿನಲ್ಲಿ ಇಟ್ಟುಕೊಂಡೆ. ಗುವಾಹಟಿಯಿಂದ ರಾತ್ರಿ ರೈಲಿನಲ್ಲಿ ಬಂದು ನಾಹರ್‌ಲಾಗುನ್ ನಿಲ್ದಾಣದಲ್ಲಿ ಬೆಳಗಿನ ಜಾವ ಇಳಿದಾಗ, ತೂಕಡಿಸುತ್ತ ಸಾಲಿನಲ್ಲಿ ನಿಂತವರ ನಡುವೆ ಮೊಬೈಲಿನ ಚಾರ್ಜ್ ಮುಗಿದವರ ಪಾಡು ನೋಡಿದರೆ ಕಾಗದದ ಬೆಲೆ ತಿಳಿಯುತ್ತದೆ. ಈಗ ಹೊಲ್ಲೊಂಗಿಯಲ್ಲಿ 2022ರಲ್ಲಿ ಆರಂಭವಾದ ದೋನಿ ಪೋಲೊ ವಿಮಾನ ನಿಲ್ದಾಣವೂ ಇದೆ. ಎಲ್ಲಿ ಇಳಿದರೂ ಜಿರೋಗೆ ಹೋಗುವ ಕೊನೆಯ ಹಂತ ಗುಡ್ಡದ ರಸ್ತೆಯಲ್ಲಿ, ಬಹುತೇಕ ಬಾಡಿಗೆಯ ಸುಮೋದಲ್ಲಿ.

ಸುಮೋ ಎಂದಾಗ ಒಂದು ಮಾತನ್ನು ಒತ್ತಿ ಹೇಳಬೇಕು: ನಿಮ್ಮ ಬ್ಯಾಗ್ ಹೋಗುವುದು ಅದರ ತಲೆಯ ಮೇಲೆ. ಚಾಲಕರು ಟಾರ್ಪಾಲು ಹೊದಿಸಿ ಹಗ್ಗ ಬಿಗಿಯುತ್ತಾರಾದರೂ ಹಲವು ಗಂಟೆಗಳ ದಾರಿಯಲ್ಲಿ ಗಾಳಿಗೆ ಅದರ ಅಂಚು ಸರಿದು ಮಳೆ ಒಳಕ್ಕೆ ಇಳಿಯುತ್ತದೆ. ಬ್ಯಾಗಿನ ಜೊತೆ ಕೊಡುವ ಮಳೆಹೊದಿಕೆ ಮೇಲಿನಿಂದ ಬೀಳುವ ನೀರನ್ನು ತಡೆಯುತ್ತದೆಯೇ ಹೊರತು, ಬೆನ್ನಿನ ಕಡೆಯಿಂದಲೂ ತಳದಿಂದಲೂ ಹೀರುವ ನೀರನ್ನು ತಡೆಯುವುದಿಲ್ಲ. ಆದ್ದರಿಂದ ನೀರನ್ನು ಬ್ಯಾಗಿನ ಒಳಗೆ ತಡೆಯಬೇಕು. ಕಸಕ್ಕೆ ಬಳಸುವ ದೊಡ್ಡ, ದಪ್ಪನೆಯ ಕಪ್ಪು ಚೀಲವೊಂದನ್ನು ಮೊದಲು ಬ್ಯಾಗಿನ ಒಳಮೈಗೆ ಪೂರ್ತಿ ಹಾಸಿ, ಸ್ಲೀಪಿಂಗ್ ಬ್ಯಾಗನ್ನು ಪ್ರತ್ಯೇಕವಾಗಿ ಇನ್ನೊಂದು ಚೀಲದಲ್ಲಿ ಹಾಕಿ, ಮೊಣಕಾಲಿನಿಂದ ಅದುಮಿ ಗಾಳಿಯನ್ನೆಲ್ಲ ಹೊರಗೆ ಕಳಿಸಿ, ಚೀಲದ ಬಾಯನ್ನು ನಾಲ್ಕೈದು ಸುತ್ತು ತಿರುಚಿ, ತಿರುಚಿದ ಭಾಗವನ್ನು ಮಡಚಿ ರಬ್ಬರ್ ಬ್ಯಾಂಡ್ ಹಾಕಿದೆ. ಅದು ಬ್ಯಾಗಿನ ತಳಕ್ಕೆ ಹೋಯಿತು. ಅದರ ಮೇಲೆ ಇದೇ ರೀತಿ ಕಟ್ಟಿದ ಮಲಗುವ ಬಟ್ಟೆ, ಆಮೇಲೆ ಉಳಿದ ಬಟ್ಟೆಬರೆ, ಎಲ್ಲಕ್ಕೂ ಮೇಲೆ ಟೆಂಟ್. ಮಳೆಯಲ್ಲಿ ತಲುಪಿದರೆ ಮೊದಲು ಬೇಕಾಗುವುದು ಟೆಂಟ್; ಅದು ತಳದಲ್ಲಿದ್ದರೆ ಮೇಲಿನದೆಲ್ಲವನ್ನೂ ಮಳೆಗೆ ಒಡ್ಡಬೇಕಾಗುತ್ತದೆ. ಗಾಲಿಯಿರುವ ಸೂಟ್‌ಕೇಸನ್ನು ಮಾತ್ರ ದಯವಿಟ್ಟು ತರಬೇಡಿ. ಕೆಸರಿನಲ್ಲಿ ಗಾಲಿ ಉರುಳುವುದಿಲ್ಲ.

ಟೆಂಟಿನ ಬಗ್ಗೆ ಹೇಳಲು ಬಹಳ ಇದೆ. ಇಬ್ಬರ ಟೆಂಟ್ ಎಂದು ಮಾರುವುದರಲ್ಲಿ ಇಬ್ಬರು ಮಲಗಬಹುದು, ಬ್ಯಾಗುಗಳಿಗೆ ಜಾಗ ಇರುವುದಿಲ್ಲ. ಬ್ಯಾಗನ್ನು ಹೊರಗಿಡುವ ಪ್ರಶ್ನೆಯೇ ಇಲ್ಲವಾದ್ದರಿಂದ ಇಬ್ಬರಿಗೆ ಮೂವರ ಟೆಂಟ್ ಒಯ್ಯುವುದು ಸರಿ. ಒಳಗೂಡು ಮತ್ತು ಮಳೆ ತಡೆಯುವ ಮೇಲ್ಹೊದಿಕೆ ಬೇರೆಬೇರೆಯಾಗಿರುವ ಎರಡು ಪದರದ ಟೆಂಟೇ ಬೇಕು. ಬಟ್ಟೆ ಎಷ್ಟು ನೀರಿನ ಒತ್ತಡ ತಡೆಯುತ್ತದೆ ಎಂಬುದನ್ನು ಮಿಲಿಮೀಟರ್‌ಗಳಲ್ಲಿ ಬರೆದಿರುತ್ತಾರೆ. ಮೇಲ್ಹೊದಿಕೆಗೆ 2,000, ಮೈಭಾರ ಬೀಳುವ ತಳಕ್ಕೆ 3,000 ಇದ್ದರೆ ನಿಶ್ಚಿಂತೆ ಎಂಬುದು ನನ್ನ ಲೆಕ್ಕ. ಎರಡು ಪದರಗಳು ಒಂದಕ್ಕೊಂದು ತಾಗದಂತೆ ಬಿಗಿದು ಕಟ್ಟುವುದು ಬಹಳ ಮುಖ್ಯ, ಏಕೆಂದರೆ ರಾತ್ರಿ ನಮ್ಮ ಉಸಿರಿನ ಆವಿ ಮೇಲ್ಹೊದಿಕೆಯ ಒಳಮೈಯಲ್ಲಿ ಹನಿಗಟ್ಟುತ್ತದೆ, ಪದರಗಳು ಅಂಟಿಕೊಂಡಲ್ಲಿ ಆ ನೀರು ಒಳಕ್ಕೆ ಇಳಿಯುತ್ತದೆ. ಟೆಂಟ್ ಸೋರುತ್ತಿದೆ ಎಂದು ಬೆಳಿಗ್ಗೆ ಗೊಣಗುವವರಲ್ಲಿ ಅನೇಕರ ಟೆಂಟ್ ಸೋರಿರುವುದಿಲ್ಲ. ಚಳಿಗೆ ಹೆದರಿ ಗಾಳಿಕಿಂಡಿಗಳನ್ನೆಲ್ಲ ಮುಚ್ಚಿ ಮಲಗಿರುತ್ತಾರೆ. ಮಳೆ ಬಂದರೂ ಮೇಲಿನ ಕಿಂಡಿಗಳು ತೆರೆದೇ ಇರಲಿ.

ಹೊರಡುವ ಮುನ್ನ ಮನೆಯ ಹತ್ತಿರದ ಮೈದಾನದಲ್ಲಿ ನಾವು ಟೆಂಟನ್ನು ಪೂರ್ತಿ ಹೂಡಿ, ಬಿಂದಿಗೆಯಿಂದ ನೀರು ಹೊಯ್ದು ನೋಡಿದೆವು. ಅಲ್ಲಿ ತಲುಪಿದ ಮೇಲೆ ಜಾಗ ಆರಿಸುವಾಗ ಬ್ಯಾಗ್ ಇಳಿಸದೆಯೇ ಒಂದು ಸುತ್ತು ನಡೆದು ನೋಡಿದೆ. ತಗ್ಗಾದ, ಹುಲ್ಲು ಮೆತ್ತಗೆ ಹಸಿರಾಗಿ ಕಾಣುವ ಜಾಗ ಕಣ್ಣಿಗೆ ಚೆಂದ, ಆದರೆ ನೀರು ಬಂದು ನಿಲ್ಲುವುದೂ ಅಲ್ಲೇ. ತುಸು ಏರಿನಲ್ಲಿ, ಶೌಚಾಲಯಕ್ಕೆ ಹೋಗುವ ಕಾಲುದಾರಿಯಿಂದ ದೂರದಲ್ಲಿ ಹೂಡಿ, ಇಳಿಜಾರಿನ ಎತ್ತರದ ಕಡೆಗೆ ತಲೆ ಬರುವಂತೆ ಮಲಗಬೇಕು. ಟೆಂಟಿನ ಕೆಳಗೆ ಹಾಸುವ ಟಾರ್ಪಾಲು ಟೆಂಟಿನ ತಳಕ್ಕಿಂತ ಎಲ್ಲ ಕಡೆಯೂ ನಾಲ್ಕು ಬೆರಳು ಚಿಕ್ಕದಿರುವಂತೆ ಅಂಚನ್ನು ಒಳಕ್ಕೆ ಮಡಚಬೇಕು. ಅಂಚು ಹೊರಗೆ ಇಣುಕಿದರೆ ಮೇಲ್ಹೊದಿಕೆಯಿಂದ ಜಾರಿದ ನೀರೆಲ್ಲ ಅದರ ಮೇಲೆ ಬಿದ್ದು ನೇರವಾಗಿ ನಮ್ಮ ಬೆನ್ನಿನಡಿಗೆ ಬರುತ್ತದೆ. ಗೂಟಗಳ ತಲೆ ಟೆಂಟಿನಿಂದ ಆಚೆಗೆ ವಾಲಿರುವಂತೆ ಓರೆಯಾಗಿ ಹೊಡೆಯಬೇಕು. ಟೆಂಟಿನ ಜೊತೆ ಬರುವ ತೆಳುವಾದ ಗೂಟಗಳು ನೆನೆದ ಮಣ್ಣಿನಲ್ಲಿ ಹಿಡಿತ ತಪ್ಪುತ್ತವೆಂದು ಉದ್ದನೆಯ ಗೂಟಗಳನ್ನು ಬೇರೆಯಾಗಿ ಒಯ್ದಿದ್ದೆ. ಅವು ಮೂಲೆಯ ಹಗ್ಗಗಳನ್ನು ಕೊನೆಯ ದಿನದವರೆಗೂ ಹಿಡಿದು ನಿಂತವು. ವಿಮಾನದಲ್ಲಿ ಹೋಗುವವರು ಗೂಟ, ಚಾಕು, ಕತ್ತರಿಗಳನ್ನು ಚೆಕ್-ಇನ್ ಬ್ಯಾಗಿನಲ್ಲೂ ಪವರ್ ಬ್ಯಾಂಕನ್ನು ಕೈಚೀಲದಲ್ಲೂ ಇಡಬೇಕು. ಒಲೆಯ ಗ್ಯಾಸ್ ಡಬ್ಬಿ ಯಾವ ಬ್ಯಾಗಿನಲ್ಲೂ ಹೋಗುವಂತಿಲ್ಲ.

ಜಿರೋದಲ್ಲಿ ಸೂರ್ಯನ ಲೆಕ್ಕ ನಮ್ಮದಲ್ಲ. ಗಡಿಯಾರ ಒಂದೇ ಆದರೂ ಆ ಊರು ಅಷ್ಟು ಪೂರ್ವಕ್ಕಿರುವುದರಿಂದ ಸೆಪ್ಟೆಂಬರ್ ಕೊನೆಯಲ್ಲಿ ಸಂಜೆ 5 ಗಂಟೆ ದಾಟುವಷ್ಟರಲ್ಲಿ ಸೂರ್ಯ ಮುಳುಗುತ್ತಾನೆ, ಬೆಳಿಗ್ಗೆ 5ರ ಹೊತ್ತಿಗೆ ಬೆಳಕಾಗುತ್ತದೆ. ಬೆಂಗಳೂರಿನ ಅಭ್ಯಾಸದಲ್ಲಿ ಆರೂವರೆಗೆ ಟೆಂಟ್ ಹೂಡಿದರಾಯಿತು ಎಂದುಕೊಂಡು ಬಂದವರು ಕತ್ತಲಲ್ಲಿ ಕೋಲುಗಳನ್ನು ತಡಕಾಡುತ್ತಾರೆ. ಮಧ್ಯಾಹ್ನ ಮೂರರೊಳಗೆ ತಲುಪುವಂತೆ ಪ್ರಯಾಣ ಜೋಡಿಸಿಕೊಳ್ಳಿ. ಕೈಯಲ್ಲಿ ಹಿಡಿಯುವ ಟಾರ್ಚಿಗಿಂತ ಹಣೆಗೆ ಕಟ್ಟುವ ಹೆಡ್‌ಲ್ಯಾಂಪ್ ಉತ್ತಮ. ಹಗ್ಗ ಬಿಗಿಯುವಾಗಲೂ ರಾತ್ರಿ ಶೌಚಾಲಯದಲ್ಲೂ ಎರಡು ಕೈ ಬೇಕಾಗುತ್ತವೆ. ಬೆಳಕು ಬೇಗ ಕಣ್ಣಿಗೆ ಹೊಡೆಯುವುದರಿಂದ ಕಣ್ಣಿಗೆ ಕಟ್ಟುವ ಪಟ್ಟಿಯೂ ಇರಲಿ.

ಹಾಸಿಗೆಯ ವಿಷಯದಲ್ಲಿ ಜನ ಹೊದಿಕೆಗೆ ಕೊಡುವ ಗಮನವನ್ನು ಕೆಳಗೆ ಹಾಸುವುದಕ್ಕೆ ಕೊಡುವುದಿಲ್ಲ. ಮೈಯ ಕಾವು ಗಾಳಿಗಿಂತ ವೇಗವಾಗಿ ನೆಲಕ್ಕೆ ಇಳಿದುಹೋಗುತ್ತದೆ, ಸ್ಲೀಪಿಂಗ್ ಬ್ಯಾಗಿನ ಅಡಿಭಾಗ ನಮ್ಮ ಭಾರಕ್ಕೆ ಚಪ್ಪಟೆಯಾಗಿ ತನ್ನ ಕೆಲಸವನ್ನು ಅರ್ಧಕ್ಕೇ ನಿಲ್ಲಿಸುತ್ತದೆ. ಸುರುಳಿ ಸುತ್ತುವ ಫೋಮ್ ಮ್ಯಾಟ್ ಅಗ್ಗದ್ದಾದರೂ ತೂತಾಗುವ ಭಯವಿಲ್ಲದ್ದು. ಮೊದಲ ಸಲದವರಿಗೆ ನಾನು ಗಾಳಿ ತುಂಬುವ ಮ್ಯಾಟಿಗಿಂತ ಅದನ್ನೇ ಹೇಳುತ್ತೇನೆ. ಸ್ಲೀಪಿಂಗ್ ಬ್ಯಾಗ್ ಕೊಳ್ಳುವಾಗ ದೊಡ್ಡ ಅಕ್ಷರದ ಕನಿಷ್ಠ ಉಷ್ಣಾಂಶವನ್ನು ನಂಬದೆ ಕಂಫರ್ಟ್ ಎಂದು ಬರೆದ ಅಂಕಿಯನ್ನು ನೋಡಿ. ಅದು 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆ ಸಮಯಕ್ಕೆ ಸಾಕು.

ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿಯ ಕಡೆ. ಆಷಾಢದ ಜಡಿಮಳೆಯಲ್ಲಿ ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಬಟ್ಟೆ ಎರಡು ದಿನವಾದರೂ ಹೊಗೆವಾಸನೆಯೊಡನೆ ಹಸಿಯಾಗಿಯೇ ಇರುವುದನ್ನು ಕಂಡವಳಾದ್ದರಿಂದ ಹತ್ತಿ ಬಟ್ಟೆಯನ್ನು ಜಿರೋಗೆ ಬಹುತೇಕ ಒಯ್ಯಲಿಲ್ಲ. ಜೀನ್ಸ್ ಒಮ್ಮೆ ನೆನೆದರೆ ಉತ್ಸವ ಮುಗಿಯುವವರೆಗೂ ಒಣಗುವುದಿಲ್ಲ. ಆಟದ ಉಡುಪಿನ ತೆಳುವಾದ ಪಾಲಿಯೆಸ್ಟರ್ ಪ್ಯಾಂಟು ಮತ್ತು ಟೀ ಶರ್ಟು, ಒಂದು ಫ್ಲೀಸ್ ಜಾಕೆಟ್, ಮಂಡಿ ಮುಚ್ಚುವ ರೇನ್‌ಕೋಟು, ಉಣ್ಣೆಯ ಟೋಪಿ ಇದ್ದರೆ ಹಗಲು ಕಳೆಯುತ್ತದೆ. “ಒಂದು ಜೊತೆ ಬಟ್ಟೆ ಮಾತ್ರ ಏನೇ ಆದ್ರೂ ಮುಟ್ಟಬೇಡ ಕಣೇ, ಮಲಗೋ ಹೊತ್ತಿಗೇ ತೆಗಿ,” ಎಂದು ಹೊರಡುವಾಗ ಅಮ್ಮ ಹೇಳಿದ್ದಳು. ಆ ಒಂದು ಜೊತೆಯ ಪದ್ಧತಿಯನ್ನು ನಾನು ಕಟ್ಟುನಿಟ್ಟಾಗಿ ನಡೆಸಿದೆ: ರಾತ್ರಿ ಟೆಂಟಿನ ಬಾಗಿಲಲ್ಲಿ ಕುಳಿತು ಕಾಲು ಹೊರಗೇ ಬಿಟ್ಟುಕೊಂಡು ಬೂಟು ಕಳಚಿ, ಒದ್ದೆ ಬಟ್ಟೆಯನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಚಿಕ್ಕ ಟವೆಲಿನಿಂದ ಮೈ ಕಾಲು ಒರೆಸಿ, ಒಣ ಉಣ್ಣೆಯ ಕಾಲುಚೀಲ ಮತ್ತು ಮಲಗುವ ಬಟ್ಟೆ ಹಾಕಿಕೊಂಡ ಮೇಲೆಯೇ ಒಳಕ್ಕೆ ಸರಿಯುವುದು. ಬೆಳಿಗ್ಗೆ ಆ ಒದ್ದೆ ಬಟ್ಟೆಯನ್ನೇ ಮತ್ತೆ ಹಾಕಿಕೊಳ್ಳುವುದು ಹಿತವಲ್ಲ. ಆದರೂ ಒಣ ಬಟ್ಟೆಯನ್ನು ಹಗಲಿಗೆ ತೆಗೆದರೆ ಆ ರಾತ್ರಿಗೆ ಏನೂ ಉಳಿಯುವುದಿಲ್ಲ.

ಕಾಲಿಗೆ ಗಂಬೂಟೇ ಸರಿ. ಅದನ್ನು ಬೆಂಗಳೂರಿನಿಂದ ಹೊತ್ತೊಯ್ಯಬೇಕಿಲ್ಲ, ದಾರಿಯ ಪೇಟೆಗಳಲ್ಲೂ ಜಿರೋದ ಹಾಪೋಲಿಯಲ್ಲೂ ಸಿಗುತ್ತದೆ. ದಪ್ಪ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ. ಹತ್ತಿರದ ತಾಲೆ ಕಣಿವೆಯ ಕಾಡಿಗೆ ನಡೆಯುವ ಮನಸ್ಸಿದ್ದವರು ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ, ಮಲೆನಾಡಿನ ಇಂಬಳದ, ಅಂದರೆ ಜಿಗಣೆಯ, ನೆಂಟರು ಅಲ್ಲೂ ಇದ್ದಾರೆ.

ಊಟದ ಬಗ್ಗೆ ಹೆಚ್ಚು ಚಿಂತೆ ಬೇಡ. ಮೈದಾನದ ಮಳಿಗೆಗಳಲ್ಲಿ ಅನ್ನ, ಕಳಲೆ, ಹೊಗೆಯಲ್ಲಿ ಒಣಗಿಸಿದ ಮಾಂಸ ಎಲ್ಲ ಸಿಗುತ್ತದೆ. ಸಸ್ಯಾಹಾರಿಗಳಿಗೂ ಮಧ್ಯರಾತ್ರಿ ಹಸಿಯುವವರಿಗೂ ಒಲೆ ಬೇಡದ ತಿನಿಸು ಜೊತೆಗಿರಬೇಕು: ತೆಳು ಅವಲಕ್ಕಿಗೆ ಚಟ್ನಿಪುಡಿ, ಉಪ್ಪು, ತುಸು ಬೆಲ್ಲ ಕಲಸಿದ ಒಣ ಮಿಶ್ರಣ, ಕಡಲೆಮಿಠಾಯಿ, ಖರ್ಜೂರ. ಸ್ಟೀಲಿನ ಬಾಟಲಿ, ಓಆರ್‌ಎಸ್ ಪೊಟ್ಟಣ, ನಿಮ್ಮ ನಿತ್ಯದ ಮಾತ್ರೆಗಳು, ಕಾಲಿನ ಗುಳ್ಳೆಗೆ ಪಟ್ಟಿ, ಟಿಶ್ಯೂ ಮತ್ತು ಸ್ಯಾನಿಟೈಸರ್ ಸೊಂಟದ ಚೀಲದಲ್ಲೇ ಇರಲಿ. ಹೆಣ್ಣುಮಕ್ಕಳು ತಿಂಗಳ ಮುಟ್ಟಿನ ಸಾಮಗ್ರಿಯನ್ನು ದಿನ ಹತ್ತಿರವಿಲ್ಲದಿದ್ದರೂ ಒಯ್ಯಿರಿ. ಪ್ರಯಾಣ ಮತ್ತು ನಿದ್ದೆಗೇಡಿಗೆ ದಿನ ಏರುಪೇರಾಗುತ್ತದೆ. ಬಳಸಿದ್ದನ್ನು ಸುತ್ತಿಡಲು ಬೇರೆ ಚೀಲ ಬೇಕು. ಪವರ್ ಬ್ಯಾಂಕ್ 20,000 ಎಂಎಎಚ್‌ನದು ಒಂದು ಸಾಕು. ರಾತ್ರಿ ಚಳಿಗೆ ಬ್ಯಾಟರಿ ಕುಗ್ಗದಂತೆ ಅದನ್ನೂ ಮೊಬೈಲನ್ನೂ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಿ. ಸಾವಿರಾರು ಜನ ಸೇರಿದಲ್ಲಿ ಫೋನ್ ಸಿಗುತ್ತದೆಂಬ ಭರವಸೆ ಬೇಡ, ಮೊದಲೇ ಒಂದು ಜಾಗ ಮತ್ತು ಸಮಯ ಗೊತ್ತುಮಾಡಿಕೊಳ್ಳಿ.

ಕಿವಿಯ ಬಗ್ಗೆ ಕೇಳುವವರೇ ಇಲ್ಲ, ನನಗೆ ಅದರ ಬಗ್ಗೆಯೇ ಹೆಚ್ಚು ಕಾಳಜಿ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ ಹಾಕಿಕೊಟ್ಟ ಮಿತಿಯಂತೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು, ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಬರುವಾಗ ಉಳಿಯುವುದು 15 ನಿಮಿಷ ಮಾತ್ರ. ಸ್ಪೀಕರಿನ ಎದುರು ನಿಂತು ನಾಲ್ಕು ರಾತ್ರಿ ಕೇಳುವವರು ಇಯರ್‌ಪ್ಲಗ್ ಇಲ್ಲದೆ ಹೋಗಲೇಬಾರದು. ಸಂಗೀತಗಾರರು ಬಳಸುವ ಬಗೆಯದಾದರೆ ಸದ್ದು ತಗ್ಗಿದರೂ ಸ್ವರ ಕೆಡುವುದಿಲ್ಲ. ಟೆಂಟಿನಲ್ಲಿ ನಿದ್ದೆಗೆ ಸ್ಪಂಜಿನದೇ ಒಳ್ಳೆಯದು.

ಇಲ್ಲಿನ ವೇದಿಕೆಗಳಿಗೆ ಸ್ಥಳೀಯ ಭಾಷೆಯಲ್ಲಿ ಸೂರ್ಯ ಮತ್ತು ಚಂದ್ರರ ಹೆಸರು, ಡ್ಯಾನ್ಯಿ ಮತ್ತು ಪೀಲೊ. ಅವನ್ನು ಬಿದಿರಿನಿಂದ ಕಟ್ಟುವವರು ಕಣಿವೆಯ ಅಪತಾನಿ ಜನ. ಸುತ್ತಲಿನ ಗದ್ದೆಗಳಲ್ಲಿ ಅವರು ಭತ್ತದ ಜೊತೆ ಮೀನನ್ನೂ ಸಾಕುತ್ತಾರೆ. ಉತ್ಸವದ ದಿನಗಳಲ್ಲಿ ತೆನೆ ಹಣ್ಣಾಗುತ್ತಿರುತ್ತದೆ. ಫೋಟೋದ ಆಸೆಗೆ ಗದ್ದೆಯ ಬದುವಿಗೆ ಇಳಿಯಬೇಡಿ. ಬದು ಕುಸಿದರೆ ನೀರೂ ಮೀನೂ ಕೆಳಗಿನ ಗದ್ದೆಗೆ ಹರಿದುಹೋಗುತ್ತವೆ, ನಷ್ಟ ಒಂದು ಮನೆಯ ವರ್ಷದ ಊಟಕ್ಕೆ ಬೀಳುತ್ತದೆ. ಬಿಸ್ಕತ್ತಿನ ಹೊದಿಕೆಯಿಂದ ಹಿಡಿದು ಮುರಿದ ಗೂಟದವರೆಗೆ ನಮ್ಮ ಕಸವನ್ನೆಲ್ಲ ನಾವು ಒಂದು ಚೀಲದಲ್ಲಿ ಕಟ್ಟಿಕೊಂಡು ಮರಳಿದೆವು. ಅಗ್ಗದ ಟೆಂಟನ್ನು ಅಲ್ಲೇ ಬಿಟ್ಟು ಬರುವ ಯೋಚನೆಯಿದ್ದರೆ ಅದರ ಬದಲು ಬಾಡಿಗೆಯ ಟೆಂಟಿನಲ್ಲಿ ಉಳಿಯಿರಿ, ಅಂಥ ವ್ಯವಸ್ಥೆಯೂ ಇರುತ್ತದೆ.

ಕೊನೆಯ ಬೆಳಿಗ್ಗೆ ಟೆಂಟ್ ಒದ್ದೆಯಾಗಿಯೇ ಇರುತ್ತದೆ. ಮಳೆ ಹೊಯ್ಯುತ್ತಿದ್ದರೆ ಒಳಗೆ ಕುಳಿತೇ ಬ್ಯಾಗನ್ನು ಪೂರ್ತಿ ಕಟ್ಟಿ, ಒಳಗೂಡನ್ನು ಮೇಲ್ಹೊದಿಕೆಯ ಕೆಳಗೇ ಕಳಚಿ ಸುತ್ತಿ, ಮೇಲ್ಹೊದಿಕೆಯನ್ನು ಎಲ್ಲಕ್ಕಿಂತ ಕೊನೆಗೆ ಬಿಚ್ಚಿ, ಎರಡನ್ನೂ ಬೇರೆಬೇರೆ ಚೀಲಗಳಲ್ಲಿ ಬ್ಯಾಗಿನ ಹೊರಗೆ ಕಟ್ಟಿಕೊಳ್ಳಿ. ಮನೆ ತಲುಪಿದ ದಿನವೇ ಅದನ್ನು ಮಹಡಿಯ ಮೇಲೆ ಬಿಚ್ಚಿ ಹರವಬೇಕು. ಒಂದು ವಾರ ಮೂಲೆಯಲ್ಲಿ ಬಿದ್ದರೆ ಬೂಷ್ಟು ಹಿಡಿದು ಬಟ್ಟೆಯ ಮೇಲಿನ ನೀರು ತಡೆಯುವ ಲೇಪ ಏಳುತ್ತದೆ. ಜಿಪ್ಪಿನ ಹಲ್ಲುಗಳಲ್ಲಿ ಸಿಕ್ಕಿದ ಜಿರೋದ ಮಣ್ಣನ್ನು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ಗೂಟಗಳನ್ನು ತೊಳೆದು ಒಣಗಿಸಿ, ಎಣಿಸಿ ಚೀಲಕ್ಕೆ ಹಾಕಿಟ್ಟರೆ ಮುಂದಿನ ಸಲಕ್ಕೆ ಟೆಂಟ್ ಸಿದ್ಧ.